ವೇಣಕ್ಕ ಹಸಿ ಮೀನು ತಿಂದಿರಲಿಲ್ಲ

ಇಲ್ಲ...
ಬೆಳಗ್ಗೆಯಿಂದ ಬಾಯಿಗೆ ಇದೊಂದೇ ಮಾತು ಬರುತ್ತಿದೆ. ಇಲ್ಲ... ಸಾಧ್ಯವಿಲ್ಲ...

ನಾಗವೇಣಿ... ನಮ್ಮ ವೇಣಕ್ಕ...
ನರಸಾಪುರದ ನಮ್ಮ ಫ್ಯಾಕ್ಟರಿಯಲ್ಲಿ ಮೂರನೇ ಲೈನಿನ ಲೀಡರ್.
ಇವತ್ತು ಫಸ್ಟ್ ಶಿಫ್ಟಿಗೆ ಬರುತ್ತಾ ಕಂಪನಿ ಬಸ್ಸಿನಲ್ಲೇ ಹೋಗಿಬಿಟ್ಟರು.
ಕಿಟಕಿಗೆ ತಲೆ ಆನಿಸಿ ಕೂತಿದ್ದರಂತೆ. ನಿದ್ದೆ ಅಂದುಕೊಂಡರಂತೆ.
ಗೇಟಿನ ಹತ್ತಿರ ಎಲ್ಲರೂ ಇಳಿದರು. ಅವರು ಇಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು ಹಾರ್ಟ್ ಅಟ್ಯಾಕ್.
ನಾನು ಪಕ್ಕದಲ್ಲೇ ನಿಂತಿದ್ದೆ. ಕಿವಿಯಾರೆ ಕೇಳಿದ್ದೇನೆ.

ಆದರೆ ಹತ್ತು ಗಂಟೆಯಷ್ಟರಲ್ಲಿ ಗ್ರೂಪುಗಳಲ್ಲಿ ಓಡಾಡುತ್ತಿದ್ದದ್ದೇ ಬೇರೆ.
"ಜಪಾನ್ ಹೋಟೆಲಿನಲ್ಲಿ ಹಸಿ ಮೀನು ತಿಂದು ಮಹಿಳೆ ಸಾವು."
ಜೊತೆಗೆ ಚಾಪ್‌ಸ್ಟಿಕ್ ಹಿಡಿದು ನಗುತ್ತಿರುವ ವೇಣಕ್ಕನ ಫೋಟೋ.
ಅದನ್ನು ತೆಗೆದವಳು ನಾನು. ನನ್ನ ಸ್ಟೇಟಸ್‌ನಿಂದ ಎತ್ತಿಕೊಂಡಿದ್ದಾರೆ.

ಕೆಳಗೆ ಕಾಮೆಂಟು... "ಮುದ್ದೆ ಸಾರು ಬಿಟ್ಟು ಶೋಕಿ ಮಾಡೋಕೆ ಹೋದ್ರೆ ಹಿಂಗೇ ಆಗೋದು."
ಹೀಗೆ ಬರೆದವರಲ್ಲಿ ನಾಲ್ಕು ಜನ ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದೀರಿ.
ಇದನ್ನು ಪೂರ್ತಿ ಓದಿ. ಆಮೇಲೆ ನನ್ನನ್ನು ಬ್ಲಾಕ್ ಮಾಡಿ.

ಶನಿವಾರ ಶಿಫ್ಟ್ ಮುಗಿಸಿ ಮೂರು ಗಂಟೆಗೆ ನಾವಿಬ್ಬರೂ ಅಲ್ಲಿಗೆ ಹೋಗಿದ್ದು ನಿಜ.
ಇಂಡಸ್ಟ್ರಿಯಲ್ ಏರಿಯಾದ ರಸ್ತೆಯಲ್ಲಿರುವ ಪುಟ್ಟ ಸುಶಿ ಹೋಟೆಲು. ಜಪಾನಿನ ಎಂಜಿನಿಯರುಗಳು ಊಟಕ್ಕೆ ಬರುವ ಜಾಗ.
"ದಿನಾ ಬಸ್ಸಿಂದ ಬೋರ್ಡ್ ನೋಡೋದೇ ಆಯ್ತು, ಒಂದ್ಸಲ ಒಳಗೇನೈತೆ ನೋಡೇ ಬಿಡಣ ಕಣೇ" ಅಂದವರು ಅವರೇ.

ಅಡುಗೆ ಮಾಡುವವರು ನಂಗಲಿಯ ಬಾಬು.
ವೇಣಕ್ಕನ ಮಾತಿನ ಧಾಟಿ ಕೇಳಿ, "ಅಕ್ಕಾ, ಮೀದಿ ಏ ಊರು?" ಅಂತ ತೆಲುಗಿನಲ್ಲಿ ಊರು ಕೇಳಿದರು.
"ರಾಯಲ್ಪಾಡು ಕಣಪ್ಪಾ" ಅನ್ನುವಾಗ ವೇಣಕ್ಕನ ಮುಖ ಅರಳಿತು.
ಆಮೇಲೆ ಹೇಳಿದರು... "ಇವತ್ತು ಶನಿವಾರ, ವೆಂಕಟ್ರಮಣಸ್ವಾಮಿ ವಾರ. ನಾನು ಮೀನು ಮುಟ್ಟಲ್ಲ."
"ಸೌತೆಕಾಯಿದು ಮಾಡ್ಕೊಡ್ತೀನಿ ಬಿಡಕ್ಕ. ಚಾಕೂನೂ ಬೇರೆ ತಗೊಳ್ತೀನಿ" ಅಂದ ಬಾಬು, ಹೆಚ್ಚುವ ಮಣೆಯನ್ನೂ ಬದಲಾಯಿಸಿದರು.

ವೇಣಕ್ಕ ತಿಂದದ್ದು ಸುರುಳಿ ಸುತ್ತಿದ ಅನ್ನ, ಸೌತೆಕಾಯಿ, ಎಳ್ಳು.
"ಚೆನ್ನಾಗೈತಲ್ಲೇ. ನಮ್ಮ ಹುಡುಗಿ ಡಬ್ಬಿಗೂ ಹಿಂಗೇ ಸುತ್ತಿ ಕೊಡ್ತೀನಿ" ಅಂದರು.
ಹಸಿ ಮೀನು ತಿಂದವಳು ನಾನು. ಆರು ತುಂಡು.
ಇಗೋ, ಕೂತು ಟೈಪ್ ಮಾಡುತ್ತಿದ್ದೇನೆ.

ಈಗ ನಿಜವಾಗಿ ಏನಾಯಿತು ಅನ್ನುವುದನ್ನು ಕೇಳಿ.
ಹೋದ ವಾರವೆಲ್ಲ ಮೆಟ್ಟಿಲು ಹತ್ತಿದರೆ ಅವರಿಗೆ ಎದೆ ಹಿಡಿಯುತ್ತಿತ್ತು. ಎಡಗೈ ಸೆಳೆಯುತ್ತಿತ್ತು.
ಗುರುವಾರ ಫಸ್ಟ್ ಏಡ್ ರೂಮಿಗೆ ಹೋದರು. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು.
ಇಸಿಜಿ ಮಾಡಿಸಬೇಕು, ಶುಕ್ರವಾರ ಹಾಫ್ ಡೇ ಕೊಡಿ ಅಂತ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಕೇಳಿದರು.
"ಆಡಿಟ್ ಇದೆಯಲ್ಲಮ್ಮ, ಭಾನುವಾರ ತೋರಿಸ್ಕೊ."
ನಾವು ಎಂಟು ಜನ ಕೇಳಿಸಿಕೊಂಡಿದ್ದೇವೆ.
ಭಾನುವಾರ ಹೋದರೆ ಆಸ್ಪತ್ರೆಯ ಓಪಿ ಬಾಗಿಲು ಹಾಕಿತ್ತು. ಸೋಮವಾರ, ಅಂದರೆ ಇವತ್ತು, ಬಸ್ಸು ಹತ್ತಿದರು.

ನಮ್ಮ ಲೈನ್ ಗ್ರೂಪಿನಲ್ಲಿ ಮೊದಲು 'ಓಂ ಶಾಂತಿ' ಹಾಕಿದವರು ಅದೇ ಇನ್‌ಚಾರ್ಜ್.
ಹಸಿ ಮೀನಿನ ಮೆಸೇಜನ್ನು ತಂದು ಹಾಕಿದವರೂ ಅವರೇ.

ವೇಣಕ್ಕ...
ನಾನು ಸೇರಿದ ಮೊದಲ ದಿನ ಸ್ಕ್ರೂ ಬಿಗಿಯುವುದಕ್ಕೆ ಬಾರದೆ ಅಳುತ್ತಿದ್ದಾಗ ನೀವು ಬೈದು ಕೈ ಹಿಡಿದು ತೋರಿಸಿದಿರಿ.
ಯಾರಿಗೆ ಹೊಟ್ಟೆನೋವು, ಯಾರಿಗೆ ಜ್ವರ ಅಂತ ಮುಖ ನೋಡಿಯೇ ಹೇಳುತ್ತಿದ್ದಿರಿ. ಅವರ ಜಾಗದಲ್ಲಿ ನೀವೇ ನಿಲ್ಲುತ್ತಿದ್ದಿರಿ.
ನಿಮ್ಮ ಜಾಗದಲ್ಲಿ ಅರ್ಧ ದಿನ ನಿಲ್ಲಲು ನಮ್ಮಲ್ಲಿ ಒಬ್ಬರೂ ಮುಂದೆ ಬರಲಿಲ್ಲ ಅಕ್ಕ...

ಇನ್ನೂ ಒಂದು ಇದೆ. ಇದನ್ನು ಹೇಳದೆ ಬೇರೆಯವರ ಮೇಲೆ ಕೂಗುವ ಯೋಗ್ಯತೆ ನನಗಿಲ್ಲ.
ಆ ಟೇಬಲ್ಲಿನಲ್ಲೇ ನೀವು ಭುಜ ಒತ್ತಿಕೊಂಡು "ಇವತ್ತು ಜಾಸ್ತಿ ಐತೆ ಕಣೇ" ಅಂದಿರಿ.
"ಗ್ಯಾಸ್ ಇರುತ್ತಕ್ಕ, ಒಂದು ಸೋಡಾ ಕುಡೀರಿ" ಅಂದೆ.
ಅಂದು, ಮೊಬೈಲ್ ಎತ್ತಿ ನಿಮ್ಮ ಫೋಟೋ ತೆಗೆದೆ.
ಅಲ್ಲಿಂದ ಆಟೋ ಹತ್ತಿಸಿ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದಿತ್ತು...

ಮಧ್ಯಾಹ್ನ ಬಾಬು ಫೋನ್ ಮಾಡಿದ್ದರು.
ಹೋಟೆಲ್ ಮುಂದೆ ಜನ ನಿಂತು ವಿಡಿಯೋ ಮಾಡುತ್ತಿದ್ದಾರಂತೆ. ಶಟರ್ ಎಳೆದು ಒಳಗೆ ಕೂತಿದ್ದಾರೆ.
"ಮೇಡಂ, ನಿಜ ಹೇಳಿ... ನನ್ ಕೈಯಿಂದ ಏನೂ ಆಗಿಲ್ಲ ತಾನೇ?"
ಅಷ್ಟು ಜನ ಕಾಮೆಂಟು ಹಾಕಿದಿರಲ್ಲ, ಆ ಮನುಷ್ಯನಿಗೆ ಉತ್ತರ ಕೊಡಿ.

ಸಂಜೆ ವೇಣಕ್ಕನ ಮಗಳು ನನ್ನನ್ನು ಬಾಗಿಲಲ್ಲೇ ತಡೆದಳು. ಪಿಯುಸಿ ಓದುವ ಹುಡುಗಿ.
"ಆಂಟಿ, ಅಮ್ಮಂಗೆ ನೀವು ಅದನ್ನ ತಿನ್ನಿಸಿದ್ರಾ?"
"ಸೌತೆಕಾಯಿ ಪುಟ್ಟಿ... ಬರೀ ಸೌತೆಕಾಯಿ" ಅಂದೆ.
ಸೋಡಾ ವಿಷಯ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಬರೆದಿದ್ದೇನೆ. ಓದುತ್ತಾಳೆ.

ಹೋಗಿಬನ್ನಿ ವೇಣಕ್ಕ...
ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.
ನಮಗೆ ಸದ್ಯಕ್ಕೆ ಅದು ಸಿಗುವುದು ಬೇಡ.