ಇಪ್ಪತ್ನಾಲ್ಕು ಭಾವಿಗಳ ನೀಲಗಂಗವ್ವ

ಬೆಳಕು ಹರಿಯುತ್ತಿದೆ. ಲಕ್ಕುಂಡಿಯ ಆಚೆ, ಎರೆಹೊಲಗಳ ನಡುವಿನ ಒಂದು ಸಣ್ಣ ಊರು. ಅಲ್ಲಿಯ ಮೆಟ್ಟಿಲುಭಾವಿಯ ಕಟ್ಟೆಯ ಮೇಲೆ ನೀಲಗಂಗವ್ವ ಕುಳಿತು ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದಾರೆ. ದಿನ ಈಗಷ್ಟೇ ಶುರುವಾಗಿದೆ, ಕಾಲಿನ ನೋವು ಮಾತ್ರ ನಿನ್ನೆಯದು. ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದು, ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಕೊಡ ಅದ್ದುತ್ತಾರೆ. ನೀಲಗಂಗವ್ವನ ಕಣ್ಣು ಕೊಡಗಳ ಮೇಲಿಲ್ಲ, ಕಾಲುಗಳ ಮೇಲಿದೆ.

"ಬಂದಳವ್ವ ಕಾಲು ನೋಡಾಕಿ," ಎಂದು ಒಬ್ಬಾಕೆ ನಗುತ್ತಾಳೆ. "ಹೆಣ್ಣು ನೋಡಾಕ ಬಂದವರು ಸೈತ ನನ್ನ ಕಾಲು ಇಷ್ಟು ನೋಡಿದ್ದಿಲ್ಲ!"

"ಅವರು ಸರಿಯಾಗಿ ನೋಡಿದ್ರ ನಿನ್ನ ಗಂಡ ಪಾರಾಗತಿದ್ದ. ಸೀರಿ ಸ್ವಲ್ಪ ಎತ್ತು, ನಾಚಬ್ಯಾಡ."

ನೀಲಗಂಗವ್ವ ಹುಡುಕುವುದು ನಾರುಹುಣ್ಣನ್ನು. ಭಾವಿಯ ನೀರಿನೊಂದಿಗೆ ಹೊಟ್ಟೆ ಸೇರಿದ ಹುಳ ಸುಮಾರು ವರ್ಷದ ಮೇಲೆ ಕಾಲಿನಲ್ಲಿ ಬಾಯಿ ತೆರೆದು ನೂಲಿನಂತೆ ಹೊರಬರುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು, ಹರಿದರೆ ಕಾಲು ಬಾತು ಮನುಷ್ಯ ಮಲಗಿಬಿಡುತ್ತಾನೆ. ಅದೇ ಕಾಲನ್ನು ನೀರಿಗಿಟ್ಟರೆ ಭಾವಿಗೆ ಮತ್ತೆ ಬೀಜ ಬಿತ್ತಿದಂತೆ. ದಟ್ಟ ಬಟ್ಟೆಯಲ್ಲಿ ನೀರು ಸೋಸಿ ಕುಡಿದರೆ ಹುಣ್ಣು ಎಷ್ಟರಮಟ್ಟಿಗೆ ತಗ್ಗುತ್ತದೆ? ಇದನ್ನು ತಿಳಿಯಲು ಆರೋಗ್ಯ ಖಾತೆಯವರು ಕೆಲವು ಭಾವಿಗಳ ಮನೆಗಳಿಗೆ ಬಟ್ಟೆ ಕೊಟ್ಟಿದ್ದಾರೆ, ಕೆಲವಕ್ಕೆ ಕೊಟ್ಟಿಲ್ಲ. ವರ್ಷದ ಮೇಲೆ ಎರಡೂ ಕಡೆ ಹುಣ್ಣು ಎಣಿಸಬೇಕು. ಎಣಿಸುವವರು ನೀಲಗಂಗವ್ವ.

ಬೆಟಗೇರಿಯಲ್ಲಿ ಅವರ ಮನೆ. ಹತ್ತಿ ಗಿರಣಿಯ ಧೂಳು ಕುಡಿದು ಗಂಡ ದೇವೇಂದ್ರಪ್ಪನ ಎದೆ ಕಟ್ಟಿದೆ, ಹಾಸಿಗೆ ಬಿಟ್ಟು ಏಳುವುದು ಅಪರೂಪ. ರೊಟ್ಟಿ ಬಡಿದು, ಅವನ ಕೈಗೆ ನಿಲುಕುವಂತೆ ನೀರಿಟ್ಟು ಹೊರಡುತ್ತಾರೆ. ಗಂಡಸು ನೌಕರರಿಗೆ ಹೆಂಗಸರು ಕಾಲು ತೋರಿಸುವುದಿಲ್ಲವಾದ್ದರಿಂದ ಈ ಕೆಲಸ ಅವರ ಪಾಲಿಗೆ ಬಂತು. ನಾಚುವವರ ಮುಂದೆ ಅವರು ಮೊದಲು ತಮ್ಮ ಕಾಲಿನ ಹಳೆಯ ಕಲೆ ತೋರಿಸುತ್ತಾರೆ. ಚಿಕ್ಕಂದಿನಲ್ಲಿ ಅವರಿಗೂ ನಾರು ಬಂದಿತ್ತು.

ಹಿಂದೆ ಒಮ್ಮೆ ಇದೇ ಎಣಿಕೆ ನಡೆದು ಹಾಳಾಗಿದೆ. ಆಗ ಇದ್ದದ್ದು ನಾಲ್ಕೇ ಭಾವಿ. ಮನೆಗಳು ಸಾಲವು, ಇನ್ನಷ್ಟು ಸೇರಿಸಿರಿ ಎಂದು ಗದಗಿನ ಕಚೇರಿಯ ಮಾರ್ತಾಂಡರಾಯರು ಹೇಳಿದರು. ಅಧ್ಯಯನದ ಲೆಕ್ಕ ಹಾಕುವವರು ಅವರೇ. ನಮ್ಮ ಕಡೆ ಒಂದೇ ಭಾವಿಯ ನೀರು ಕುಡಿಯುವವರೆಂದರೆ ಒಂದೇ ಮನೆಯವರಿದ್ದಂತೆ. ಒಂದು ಪಡಸಾಲೆಯಲ್ಲಿ ಕುಳಿತರೆ ಓಣಿಯವರೆಲ್ಲ ತಾವಾಗಿಯೇ ಬಂದು ಸೇರುತ್ತಾರೆ. ನೀಲಗಂಗವ್ವ ಹಾಗೆ ಕೂತಲ್ಲೇ ನೂರಾರು ಮನೆ ಸೇರಿಸಿದರು. ರಾಯರಿಗೂ ಸಂತೋಷವಾಯಿತು.

ವರ್ಷ ಕಳೆದು ಎಣಿಸಿದರೆ ಬಟ್ಟೆ ಕೊಟ್ಟ ಕಡೆಗೂ ಕೊಡದ ಕಡೆಗೂ ದೊಡ್ಡ ವ್ಯತ್ಯಾಸವಿಲ್ಲ. ಬಟ್ಟೆ ಇಲ್ಲದ ಒಂದು ಭಾವಿಗೆ ಹಿಂದಿನ ಬೇಸಿಗೆಯಲ್ಲಿ ಹುಣ್ಣಿನ ಕಾಲೇ ಇಳಿದಿರಲಿಲ್ಲ, ಹಾಗಾಗಿ ಅಲ್ಲಿ ಬಟ್ಟೆಯಿಲ್ಲದೆಯೂ ಯಾರಿಗೂ ಹುಣ್ಣು ಬರಲಿಲ್ಲ. 'ಬಟ್ಟೆಯಿಂದ ಪ್ರಯೋಜನವಿಲ್ಲ' ಎಂದು ಬರೆದು ಮುಗಿಸಲು ಮೇಲಿನವರು ಸಿದ್ಧರಾದರು. ಆಗ ತಲೆ ಮೇಲೆ ಕೈಹೊತ್ತು ಕುಳಿತವರು ರಾಯರು.

"ತಪ್ಪು ನಂದೂ ಅದ, ನೀಲಗಂಗವ್ವ. ಮನಿ ಹೆಚ್ಚಿದ್ವು, ಭಾವಿ ಹೆಚ್ಚಲಿಲ್ಲ. ಹುಣ್ಣಿನ ಕಾಲು ಇಳೀತಂದ್ರ ಓಣಿಗೆ ಓಣಿನ ಮಲಗ್ತದ, ಇಳೀಲಿಲ್ಲಂದ್ರ ಓಣಿಗೆ ಓಣಿನ ಪಾರು. ಎಷ್ಟು ಮನಿ ಎಣಿಸಿದ್ರೂ ನಾವು ನೋಡಿದ್ದು ನಾಲ್ಕ ಭಾವಿ."

"ಹಂಗಾರ ಬಟ್ಟಿಗೆ ಗುಣ ಇಲ್ಲೇನ್ರಿ?"

"ಅದನ್ನ ಹೇಳಾಕ ನಮ್ಮ ಕಡಿಂದ ಆಗಿಲ್ಲ. ದೊಡ್ಡ ಕಣ್ಣಿನ ಸಾಣಿಗಿ ಹಿಡಿದ್ರ ಕಾಳೂ ಸೋರಿ ಹೋಗ್ತದ. ಸಾಣಿಗ್ಯಾಗ ಸಿಗಲಿಲ್ಲ ಅಂದ್ರ ಕಾಳ ಇದ್ದಿಲ್ಲ ಅನ್ನಾಕ ಬರ್ತದೇನು?"

ರಾಯರು ಮತ್ತೆ ಲೆಕ್ಕಕ್ಕೆ ಕುಳಿತರು. ಊರಿಂದ ಊರಿಗೆ ಹುಣ್ಣು ಎಷ್ಟು ಏರಿಳಿಯುತ್ತದೆ, ಬಟ್ಟೆಯಿಂದ ಎಷ್ಟು ತಗ್ಗಿದರೆ ಅದು ಉಪಯೋಗವೆನ್ನಬಹುದು ಎಂದು ತೂಗಿ, ಇಪ್ಪತ್ನಾಲ್ಕು ಭಾವಿ ಬೇಕೆಂದರು. ಅದಕ್ಕೂ ಕಡಿಮೆಯಾದರೆ ಜನ ಪಟ್ಟ ಕಷ್ಟ ವ್ಯರ್ಥ. ಹೆಚ್ಚಾದರೆ ಬಟ್ಟೆ ಇಲ್ಲದವರು ಸುಮ್ಮನೆ ಇನ್ನಷ್ಟು ಕಾಯಬೇಕು. ಚೀಟಿ ಎತ್ತಿ ಹನ್ನೆರಡು ಭಾವಿಗೆ ಬಟ್ಟೆ ಕೊಟ್ಟರು. "ಈ ಸಲ ಹೌದು ಅಂದ್ರೂ ನಂಬಬಹುದು, ಇಲ್ಲ ಅಂದ್ರೂ ನಂಬಬಹುದು," ಎನ್ನುತ್ತಾರೆ ರಾಯರು.

ಆ ನಂಬಿಕೆಯ ಭಾರವೆಲ್ಲ ಬಿದ್ದಿರುವುದು ನೀಲಗಂಗವ್ವನ ಎರಡು ಕಾಲುಗಳ ಮೇಲೆ. ಮುಂಡರಗಿ ಕಡೆಗೊಂದು ಭಾವಿ, ಶಿರಹಟ್ಟಿ ಕಡೆಗೊಂದು, ಶಿಗ್ಲಿಯ ಆಚೆ ಮತ್ತೊಂದು. ಬಸ್ಸು ಇಳಿಸಿದಲ್ಲಿಂದ ಮುಂದೆ ನಡಿಗೆಯೇ. ವರ್ಷದೊಳಗೆ ನಾವೆಲ್ಲ ಮುಂಬೈ ರಾಜ್ಯ ಬಿಟ್ಟು ಮೈಸೂರಿನೊಂದಿಗೆ ಒಂದಾಗುತ್ತೇವೆಂಬ ಸುದ್ದಿಯಿದೆ. ಅಷ್ಟರಲ್ಲಿ ಎಣಿಕೆ ಮುಗಿಯದಿದ್ದರೆ ಹೊಸ ಕಚೇರಿ ಇದನ್ನು ಕೈಗೆತ್ತಿಕೊಳ್ಳುತ್ತದೋ ಇಲ್ಲವೋ, ಹೇಳುವವರಿಲ್ಲ.

"ಶಿರಹಟ್ಟಿ ಕಡೆ ಸಂಸ್ಥಾನ ಹೋತು, ಮುಂಬೈ ಸರ್ಕಾರ ಬಂತು. ಈಗ ಮೈಸೂರಂತ," ಎನ್ನುತ್ತಾರೆ ನೀಲಗಂಗವ್ವ. "ಬರಲಿ, ಚಲೋನ ಆತು. ಆದ್ರ ನಾರು ಯಾವ ಸರ್ಕಾರದ ಮಾತೂ ಕೇಳಿಲ್ಲ ನೋಡ್ರಿ."

ಬಿಸಿಲೇರುವ ಹೊತ್ತಿಗೆ ಅವರು ಭಾವಿಯ ಪಕ್ಕದ ಸುಮಿತ್ರವ್ವನ ಮನೆಗೆ ಬರುತ್ತಾರೆ. ಚೀಟಿಯಲ್ಲಿ ಈ ಊರಿಗೆ ಬಟ್ಟೆ ಬಂದಿಲ್ಲ. ಒಳಗೆ ಸುಮಿತ್ರವ್ವನ ಸೊಸೆ ಗೋಡೆಗೊರಗಿ ಕಾಲು ಚಾಚಿದ್ದಾಳೆ. ಹಿಮ್ಮಡಿಯ ಮೇಲೆ ಕಡ್ಡಿ, ಕಡ್ಡಿಗೆ ಸುತ್ತಿದ ಬಿಳಿಯ ಎಳೆ. ತೊಡೆಯ ಮೇಲೆ ಕೂಸು.

"ಮಗ್ಗಲ ಊರಿಗೆ ಬಟ್ಟಿ ಹಂಚೀರಿ. ನಾವೇನು ಮಲತಾಯಿ ಮಕ್ಕಳೇನು?" ಸುಮಿತ್ರವ್ವನ ದನಿ ಏರುತ್ತದೆ. "ಹೋದ ವರ್ಷ ಚೀಟಿ ಅಂದ್ರಿ, ಒಪ್ಪಿದ್ವಿ. ಈಗ ಬರೇ ಎಣಿಸಿಕೊಂಡ ಹೋಗಾಕ ಬಂದೀರಿ."

ನೀಲಗಂಗವ್ವ ಸೊಸೆಯ ಕಾಲು ತೊಳೆದು, ಹುಣ್ಣಿಗೆ ಪಟ್ಟಿ ಕಟ್ಟಿ, "ಹುಣ್ಣು ಮಾಯೂಮಟ ನೀ ಭಾವಿಗೆ ಇಳೀಬ್ಯಾಡ ಮಗಳ. ನೀರು ಅತ್ತಿ ತರತಾಳ," ಎನ್ನುತ್ತಾರೆ. ಹೊರಗೆ ಬಂದು ಎಣಿಕೆಯ ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಾರೆ. ಪುಸ್ತಕವನ್ನು ಚೀಲಕ್ಕೆ ಹಾಕುತ್ತ ಹೇಳುತ್ತಾರೆ.

"ಬಟ್ಟಿ ಇಲ್ಲದ ಊರಾಗ ಹುಣ್ಣು ಕಂಡ್ರ ಲೆಕ್ಕಕ್ಕ ಚಲೋ, ಮನಿಗೆ ಕೆಟ್ಟ. ನಾ ಯಾವುದಕ್ಕಂತ ದೇವರಿಗೆ ಕೈ ಮುಗೀಲಿ? ಮೊದಲ ಸಲ ನಾ ಇನ್ನಷ್ಟು ಊರು ತಿರುಗಿದ್ರ ಈ ಹುಡುಗಿ ಕಾಲಿಗೆ ಕಡ್ಡಿ ಬರತಿದ್ದಿಲ್ಲೋ ಏನೋ. ಅದೊಂದು ಮಾತು ರಾತ್ರಿ ಎಬ್ಬಿಸತೈತಿ. ಅದಕ್ಕ ಈಗ ಕಾಲು ನೂಸಿದ್ರೂ ಯಾವ ಭಾವಿನೂ ಬಿಡಾಂಗಿಲ್ಲ."

ಎಣಿಸಲು ಇನ್ನು ಎರಡು ಭಾವಿ ಉಳಿದಿವೆ. ಎಣಿಕೆ ಮುಗಿದು ಗುಣ ಕಂಡದ್ದೇ ಆದರೆ ಬಟ್ಟೆ ಸಿಗದ ಹನ್ನೆರಡು ಭಾವಿಗೆ ಮೊದಲು ಅದು ಹೋಗಬೇಕೆಂದು ರಾಯರು ಮಾತು ಕೊಟ್ಟಿದ್ದಾರೆ. ನಿಮಗೇನು ಬೇಕು ಎಂದು ಕೇಳಿದರೆ ನೀಲಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ದಾರಿಯ ಕಡೆ ನೋಡುತ್ತಾರೆ.

"ನನಗೇನ್ ಬೇಕ್ರಿ? ಸುಮಿತ್ರವ್ವನ ಮನಿಗೆ ನಾನ ಬಟ್ಟಿ ಒಯ್ದು ಕೊಡಬೇಕು. ಅವತ್ತು ಯಾರ ಕಾಲೂ ನೋಡಬಾರದು. ಆ ಕೂಸಿನ ಮುಖ ನೋಡಿ, ಅವರು ಸೋಸಿಕೊಟ್ಟ ನೀರು ಒಂದ ತಂಬಿಗಿ ಕುಡದು ಬರಬೇಕು."