ಆಯೋಗಕ್ಕಾಗಿ ಬಳಿದ ಸುಣ್ಣ

ಚೋನ್‌ತಲಾದ ಆರೋಗ್ಯ ಕೇಂದ್ರಕ್ಕೆ ನೂರಕ್ಕೆ ಎಪ್ಪತ್ತೆಂಟು ಅಂಕ ಬಂದಿದೆ ಎಂದು ತಿಳಿದ ದಿನ, ಉಲ್ಕಾನ್ ಅಲ್ಲಿದ್ದ ಫ್ರಿಜ್ಜನ್ನು ಕೈಗಾಡಿಗೆ ಹೇರಿಕೊಂಡು ಮನೆಗೆ ತಂದರು. ಅದು ಅವರದೇ ಫ್ರಿಜ್ಜು. ದಾರಿಯಲ್ಲಿ ಸಿಕ್ಕ ಒಬ್ಬ, "ಒಳ್ಳೇ ಅಂಕ ಬಂತಂತೆ ಎಜೆ, ಸಿಹಿ ಎಲ್ಲಿ?" ಎಂದು ಕೇಳಿದ. ಉಲ್ಕಾನ್ ಗಾಡಿ ನಿಲ್ಲಿಸಲಿಲ್ಲ. "ಹಿಂದಿನಿಂದ ತಳ್ಳು. ಸಿಹಿ ಆಮೇಲೆ" ಎಂದರು.

ಊರೆಲ್ಲ ಅವರನ್ನು ಎಜೆ ಎಂದೇ ಕರೆಯುತ್ತದೆ, ಅಕ್ಕ ಎಂದು. ಅವರಿಗೆ ಅರವತ್ತೊಂದು. ಸಾವಿರದ ಮುನ್ನೂರು ಜನರ ಈ ಬೆಟ್ಟದ ಊರಿಗೆ ವೈದ್ಯರು ಎಂದೂ ಬಂದದ್ದಿಲ್ಲ. ಹೆರಿಗೆ, ಹೊಲಿಗೆ, ಸೂಜಿ, ಕುದುರೆಯಿಂದ ಬಿದ್ದವನ ಮೂಳೆ, ಎಲ್ಲವೂ ಉಲ್ಕಾನ್ ಕೈಗೇ. ವೈದ್ಯರಲ್ಲದೆಯೂ ವೈದ್ಯರ ಕೆಲಸ ಮಾಡುವ ಇಂಥವರನ್ನು ಇಲ್ಲಿ ಫೆಲ್ಡ್‌ಶರ್ ಎನ್ನುತ್ತಾರೆ. ಊರಿನ ಅರ್ಧ ಜನ ಭೂಮಿಗೆ ಬಂದು ಮೊದಲು ನೋಡಿದ್ದು ಅವರ ಮುಖವನ್ನು.

ಈ ಎಪ್ಪತ್ತೆಂಟು ಅಂಕದಲ್ಲಿ ಬೇಸರಪಡುವಂಥದ್ದೇನಿದೆ ಎಂದು ಕೇಳಬಹುದು. ಈ ಅಂಕದ ಲೆಕ್ಕವೇ ತಲೆಕೆಳಗಿನದು. ಸಾರಿಬೆಲ್ ಜಿಲ್ಲೆಯ ಮೂವತ್ತೊಂದು ಕೇಂದ್ರಗಳಲ್ಲಿ ಎಂಟಕ್ಕೆ ಮಾತ್ರ ಸರ್ಕಾರ ಹೊಸ ಕಟ್ಟಡ, ನೀರಿನ ಕೊಳವೆ, ಬಿಸಿ ಮಾಡುವ ವ್ಯವಸ್ಥೆ ಮತ್ತು ಒಂದು ಗಾಡಿ ಕೊಡಲಿತ್ತು. ಯಾರ ಸ್ಥಿತಿ ಅತಿ ಕೆಟ್ಟದ್ದೋ ಅವರಿಗೆ ಮೊದಲು. ಅಂಕ ಕಡಿಮೆ ಬಂದಷ್ಟೂ ಪಟ್ಟಿಯಲ್ಲಿ ಮೇಲೆ. ಇದರ ಜೊತೆಗೆ ಇನ್ನೊಂದು ನಿಯಮವಿತ್ತು: ಹರಿಯುವ ನೀರು ಮತ್ತು ಶಾಖ ಇಲ್ಲದ ಕೇಂದ್ರದ ಪರವಾನಗಿಯನ್ನು ಮುಂದಿನ ವರ್ಷ ನವೀಕರಿಸುವುದಿಲ್ಲ. ಪಟ್ಟಿಗೆ ಸೇರದಿದ್ದರೆ ಚೋನ್‌ತಲಾದ ಕೇಂದ್ರ ಮುಚ್ಚುತ್ತದೆ. ಅಲ್ಲಿಂದ ಹತ್ತಿರದ ಹೆರಿಗೆ ಕೋಣೆ ಅರವತ್ತನಾಲ್ಕು ಕಿಲೋಮೀಟರ್ ದೂರ, ನಡುವೆ ಚಳಿಗಾಲದಲ್ಲಿ ಮುಚ್ಚುವ ಒಂದು ಕಣಿವೆ ದಾರಿ.

ಉಲ್ಕಾನ್ ಇಲ್ಲಿಗೆ ಬಂದದ್ದು ೧೯೮೪ರಲ್ಲಿ, ವೈದ್ಯಕೀಯ ಶಾಲೆ ಮುಗಿಸಿದ ಬೇಸಿಗೆಯಲ್ಲಿ. ಆಗ ಊರೇ ಒಂದು ಸರ್ಕಾರಿ ಕುರಿ ಫಾರಂ. ಕೇಂದ್ರಕ್ಕೆ ಕಲ್ಲಿದ್ದಲು ಫಾರಂನಿಂದ, ಜೀಪು ಫಾರಂನಿಂದ, ಬಿಸಿನೀರು ಫಾರಂನ ಬಾಯ್ಲರಿನಿಂದ. ಆ ಕಾಲವನ್ನು ಅವರು ಹೊಗಳುವುದಿಲ್ಲ. ಆಗಲೂ ಹೇಳಬೇಕಾದ್ದನ್ನು ಹೇಳುವಂತಿರಲಿಲ್ಲ, ಔಷಧಿಯೂ ಸಾಕಷ್ಟು ಬರುತ್ತಿರಲಿಲ್ಲ ಎನ್ನುತ್ತಾರೆ. ಆದರೆ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು.

ಆ ಸರ್ಕಾರ ಉರುಳಿದ ಮೇಲೆ ಒಂದೇ ವಸಂತದಲ್ಲಿ ಫಾರಂ ಹಂಚಿಹೋಯಿತು. ಕುರಿಗಳು ಮನೆಮನೆಗೆ, ಜೀಪು ಫಾರಂ ನಿರ್ದೇಶಕರ ಭಾಮೈದನಿಗೆ. ಕೊಳವೆಗಳನ್ನು ಅಗೆದು ಗುಜರಿಗೆ ಹಾಕಿದರು. ಬಾಯ್ಲರನ್ನು ಯಾರು ಒಯ್ದರೆಂಬುದು ಊರಿಗೆಲ್ಲ ಗೊತ್ತು, ಯಾರೂ ಹೇಳುವುದಿಲ್ಲ. ಎರಡು ವರ್ಷ ಉಲ್ಕಾನ್ ಸಂಬಳವನ್ನು ಹಿಟ್ಟು ಮತ್ತು ಸಕ್ಕರೆಯ ರೂಪದಲ್ಲಿ ಪಡೆದರು. ಜಿಲ್ಲಾ ಆಸ್ಪತ್ರೆಯ ನೂರಿಪ್ಪತ್ತು ಹಾಸಿಗೆ ಮೂವತ್ತೈದಕ್ಕೆ ಇಳಿಯಿತು. ಇದಕ್ಕೆ ಸುಧಾರಣೆ ಎಂದು ಹೆಸರಿಟ್ಟರು.

ಆಮೇಲೆ ದೇಶ ಬೆಳೆಯತೊಡಗಿತು. ಗಣಿಯಿಂದ ಚಿನ್ನ ಬಂತು, ಮಾಸ್ಕೋದಲ್ಲಿ ನೆಲ ಒರೆಸುವ ಹುಡುಗಿಯರಿಂದ ಹಣ ಬಂತು. ಸರ್ಕಾರದ ಕೈಯಲ್ಲೂ ದುಡ್ಡು ಓಡಾಡಿತು. ಅದು ಹೆದ್ದಾರಿಯ ಉದ್ದಕ್ಕೆ ಹರಿಯಿತು. ಜಿಲ್ಲಾ ಕೇಂದ್ರದ ಚೌಕಕ್ಕೆ ಹತ್ತು ವರ್ಷದಲ್ಲಿ ಮೂರು ಸಲ ಕಲ್ಲು ಹಾಸಿದರು. ಕಾರಂಜಿ ಕಟ್ಟಿದರು. ನಾಲ್ಕು ಸಾವಿರ ಜನ ಕೂರುವ ಕುದುರೆ ಪಂದ್ಯದ ಮೈದಾನಕ್ಕೆ ಚಾವಣಿ ಹೊದಿಸಿದರು. ಚಾವಣಿಯ ಸುದ್ದಿ ರೇಡಿಯೊದಲ್ಲಿ ಬಂದಾಗ ಉಲ್ಕಾನ್ ಕೇಂದ್ರದ ಹೆರಿಗೆ ಮಂಚದ ಪಕ್ಕ, ಸೋರುತ್ತಿದ್ದ ಜಾಗದ ಕೆಳಗೆ ಬಕೆಟ್ ಇಡುತ್ತಿದ್ದರು. "ಕುದುರೆ ನೆನೆಯಬಾರದು, ಬಾಣಂತಿ ನೆನೆಯಬಹುದು" ಎಂದರು. ಮಂಚದ ಮೇಲಿದ್ದವಳು ನಕ್ಕಳಂತೆ, ನೋವಿನ ಮಧ್ಯೆಯೂ.

ಹೀಗಿರುವಾಗ, ಕೇಂದ್ರಗಳನ್ನು ನೋಡಿ ಅಂಕ ಕೊಡುವ ಆಯೋಗದ ಸುದ್ದಿ ಬಂತು. ಉಲ್ಕಾನ್ ತಮ್ಮ ಕೇಂದ್ರವನ್ನು ಕಣ್ಣಾರೆ ಬಲ್ಲವರು. ಮೂವತ್ತೊಂದರಲ್ಲಿ ಇದಕ್ಕಿಂತ ಕೆಟ್ಟದ್ದು ಇರಲಾರದು ಎಂದು ಅವರಿಗೆ ಖಾತ್ರಿಯಿತ್ತು. ವೈದ್ಯಕೀಯ ಶಾಲೆ ಮುಗಿಸಿದ್ದ ತಂಗಿಯ ಮಗಳಿಗೆ ಫೋನು ಮಾಡಿ, "ರಷ್ಯಾದ ಟಿಕೆಟ್ ತಗೋಬೇಡ. ಇನ್ನೊಂದು ವರ್ಷ ತಡಿ. ನೀರು, ಬಿಸಿ ಎರಡೂ ಬರತ್ತೆ, ನನ್ನ ಜಾಗ ನಿಂಗೆ ಕೊಟ್ಟು ಕೂತ್ಕೋತೀನಿ" ಎಂದರು.

ಆಯೋಗ ಬರುವ ನಾಲ್ಕು ದಿನ ಮೊದಲು ಊರಿನ ಮುಖ್ಯಸ್ಥ ತೆಮಿರ್ಕುಲ್ ಕೇಂದ್ರಕ್ಕೆ ಬಂದ. ನಲವತ್ತರ ಗಂಡಸು, ಅವನ ಮೂರು ಮಕ್ಕಳೂ ಉಲ್ಕಾನ್ ಕೈಯಲ್ಲೇ ಹುಟ್ಟಿದವು. ಗೋಡೆ ನೋಡಿದ, ಚಾವಣಿ ನೋಡಿದ.

"ಎಜೆ, ಇದನ್ನ ಹೀಗೇ ತೋರ್ಸೋಕಾಗಲ್ಲ."

"ಹೀಗಿದೆ ಅಂತ ನೋಡೋಕೇ ಅಲ್ವೇನಯ್ಯ ಅವರು ಬರ್ತಿರೋದು?"

"ರಾಜಧಾನಿ ಬಿಷ್ಕೆಕ್‌ನಿಂದ ಬರೋ ಅತಿಥಿಗಳು. ಚೋನ್‌ತಲಾದವರು ಕೊಳಕರು ಅಂತ ಹೇಳ್ಕೊಂಡು ಹೋಗ್ತಾರೆ. ನಿಮ್ಮ ಹೆಸರಲ್ವಾ ಹಾಳಾಗೋದು? ನಲವತ್ತು ವರ್ಷ ಈ ಅಕ್ಕ ಏನ್ ಮಾಡ್ತಿದ್ರು ಅಂತಾರೆ."

ಆ ಕೊನೆಯ ಮಾತು ನಾಟಿತು. ತನಿಖೆಗೆ ಬರುವವರ ಮುಂದೆ ಮರದ ಬುಡಕ್ಕೂ ಸುಣ್ಣ ಬಳಿದಿರಬೇಕು ಎಂದು ಕಲಿಸಿದ ಕಾಲದಲ್ಲಿ ಬೆಳೆದವರು ಅವರು. ಅದಕ್ಕೂ ಹಿಂದಿನ ಪಾಠವೊಂದಿದೆ: ಅತಿಥಿಗೆ ಮನೆಯ ಹರಕು ಕಾಣಬಾರದು. ಮರುದಿನ ಊರಿನವರು ಅಶರ್ ಕರೆದರು. ಅಶರ್ ಎಂದರೆ ಎಲ್ಲರೂ ಕೂಡಿ ಕೂಲಿಯಿಲ್ಲದೆ ದುಡಿದು ಒಬ್ಬರ ಮನೆ ಎಬ್ಬಿಸುವುದು. ಇಲ್ಲಿ ಅರ್ಧ ಮನೆಗಳು ಎದ್ದಿರುವುದೇ ಹಾಗೆ. ಮೊದಲು ಬೇಡವೆಂದಿದ್ದ ಉಲ್ಕಾನ್ ಮೂರನೆಯ ದಿನದ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಹುಕುಂ ಕೊಡುತ್ತಿದ್ದರು. ಗೋಡೆಗೆ ಸುಣ್ಣ, ರಸ್ತೆ ಅಂಚಿನ ಕಲ್ಲುಗಳಿಗೆ ಸುಣ್ಣ, ಪಾಪ್ಲರ್ ಮರಗಳಿಗೆ ಸೊಂಟದವರೆಗೆ ಸುಣ್ಣ. ಸೋರುವ ಜಾಗಕ್ಕೆ ತಗಡು. ಶಾಲೆಯಿಂದ ಎರಡು ಮಂಚ, ತೆಮಿರ್ಕುಲ್ ಹೆಂಡತಿಯ ವರದಕ್ಷಿಣೆಯ ಉಣ್ಣೆ ಜಮಖಾನ, ಉಲ್ಕಾನ್ ಸೊಸೆಯ ಪರದೆ, ಲಸಿಕೆ ಇಡಲು ಉಲ್ಕಾನ್ ಅವರದೇ ಫ್ರಿಜ್ಜು. ಅಟ್ಟದ ಮೇಲೊಂದು ಪೀಪಾಯಿ ಇಟ್ಟು, ಹೊಳೆಯಿಂದ ಇಪ್ಪತ್ತು ಬಕೆಟ್ ನೀರು ಹೊತ್ತು ತುಂಬಿಸಿ, ಕೆಳಗಿನ ತುಕ್ಕುಹಿಡಿದ ನಲ್ಲಿಗೆ ರಬ್ಬರ್ ಕೊಳವೆ ಜೋಡಿಸಿದರು.

ಆಯೋಗದಲ್ಲಿ ಮೂವರಿದ್ದರು. ಅಧ್ಯಕ್ಷ ಎಸೆನ್‌ಗುಲ್, ಒಬ್ಬ ಎಂಜಿನಿಯರ್, ಮತ್ತು ಚೋಲ್ಪೋನ್ ಎಂಬ ಮೂವತ್ತರ ಅರ್ಥಶಾಸ್ತ್ರಜ್ಞೆ. ಅಂಕದ ಪದ್ಧತಿ ರೂಪಿಸಿದವರಲ್ಲಿ ಆಕೆಯೂ ಒಬ್ಬಳು. ವಿನಯದ ಹುಡುಗಿ. "ಎಜೆ, ದೇಶದ ವರಮಾನ ಚೆನ್ನಾಗಿ ಏರ್ತಿದೆ. ಆ ಹಣ ಈ ಸಲ ಹಿಂದುಳಿದ ಕಡೆಗೇ ಹೋಗ್ಲಿ ಅಂತ ಈ ಲೆಕ್ಕ" ಎಂದಳು.

"ಯಾರ ವರಮಾನ ಏರ್ತಿದೆಯಮ್ಮ?"

"ಸರಾಸರಿ, ಎಜೆ."

"ಆ ಸರಾಸರಿ ಅನ್ನೋರು ಯಾವೂರಿನವರೋ, ನಮ್ಮ ಕಡೆ ಬಂದಿಲ್ಲ."

ಚೋಲ್ಪೋನ್ ನಕ್ಕು ನಲ್ಲಿ ತಿರುಗಿಸಿದಳು. ನೀರು ಬಂತು. ಕೈಲಿದ್ದ ಹಾಳೆಯಲ್ಲಿ ಗುರುತು ಹಾಕಿದಳು. ಬಾಗಿಲ ಬಳಿ ನಿಂತಿದ್ದ ಉಲ್ಕಾನ್ ಬಾಯಿ ತೆರೆದರು. ಅಟ್ಟದ ಮೇಲಿರುವುದು ಪೀಪಾಯಿ ಎನ್ನುವ ಒಂದೇ ಮಾತು ಬೇಕಿತ್ತು. ಹಿಂದೆ ತೆಮಿರ್ಕುಲ್ ಇದ್ದ, ಸುಣ್ಣದ ಕೈಗಳ ಇಪ್ಪತ್ತು ಹೆಂಗಸರಿದ್ದರು. ಉಲ್ಕಾನ್ ಬಾಯಿ ಮುಚ್ಚಿದರು. ಆಮೇಲೆ ಊರಿನವರು ಕುರಿ ಕಡಿದರು. ಪದ್ಧತಿಯಂತೆ ಬೇಯಿಸಿದ ತಲೆಯನ್ನು ಅಧ್ಯಕ್ಷರ ಮುಂದಿಟ್ಟರು. ಅವರು ಕಿವಿ ಕತ್ತರಿಸಿ ಪಕ್ಕದವರಿಗೆ ಕೊಟ್ಟು, "ಜಿಲ್ಲೆಯಲ್ಲೇ ಇಂಥ ಚೊಕ್ಕ ಕೇಂದ್ರ ನೋಡಿಲ್ಲ" ಎಂದು ಮನಸಾರೆ ಹೊಗಳಿದರು. ಆ ಹೊಗಳಿಕೆಯೇ ಎಪ್ಪತ್ತೆಂಟು ಅಂಕವಾಗಿ ಬಂತು.

ಹೆದ್ದಾರಿ ಪಕ್ಕದ ಜೋಲ್‌ಬೋಯು ಊರಿಗೆ ಇಪ್ಪತ್ತನಾಲ್ಕು. ಅಲ್ಲಿ ವೈದ್ಯರಿದ್ದಾರೆ, ಎರಡು ವರ್ಷದ ಹಿಂದೆ ಕೊಟ್ಟ ಎಕ್ಸ್-ರೇ ಯಂತ್ರವೂ ಇದೆ. ಆಯೋಗ ಬಂದ ದಿನ ಯಂತ್ರ ಗೋದಾಮಿನಲ್ಲಿತ್ತು, ನೀರಿನ ವಾಲ್ವ್ ಮುಚ್ಚಿತ್ತು. ಬಂದವರಿಗೆ ಚಹಾ ಕೂಡ ಕೊಡಲಿಲ್ಲವಂತೆ. ಪಟ್ಟಿಯಲ್ಲಿ ಅವರು ಮೊದಲಿಗರು. ಇದ್ದವರಿಗೆ ಇಲ್ಲದವರಂತೆ ಕಾಣಿಸಿಕೊಳ್ಳುವುದು ಬರುತ್ತದೆ. ಇಲ್ಲದವರಿಗೆ ಅದಕ್ಕೂ ನಾಚಿಕೆ.

ಫೆಬ್ರುವರಿಯಲ್ಲಿ ಹಿಮ ಸರಿಸಿ ಕಣಿವೆ ದಾರಿ ತೆರೆದ ವಾರ ಉಲ್ಕಾನ್ ಮಿನಿಬಸ್ಸು ಹತ್ತಿ ಜಿಲ್ಲಾ ಕಚೇರಿಗೆ ಹೋದರು. ಆರೋಗ್ಯ ವಿಭಾಗದಲ್ಲಿ ಮಾರ್ಲೆನ್ ಎಂಬ ಅಧಿಕಾರಿ ಕೂತಿದ್ದ. ಮಾರ್ಕ್ಸ್ ಮತ್ತು ಲೆನಿನ್ ಇಬ್ಬರ ಹೆಸರನ್ನೂ ಹೊಸೆದು ತಂದೆ ಇಟ್ಟ ಹೆಸರು. ಮೇಜಿನ ಮೇಲೆ ಮಗನ ದುಬೈ ಪ್ರವಾಸದ ಫೋಟೊ.

"ಮರುಪರಿಶೀಲನೆ ಮೂರು ವರ್ಷಕ್ಕೊಮ್ಮೆ, ಎಜೆ."

"ಪರವಾನಗಿ ಈ ಡಿಸೆಂಬರಿಗೇ ಹೋಗತ್ತೆ."

"ನಿಮಗೆಂಥ ಭಯ? ಎಪ್ಪತ್ತೆಂಟು ಅಂಕದವರು ನೀವು. ನೋಡಿ, ನೀವು ನಮಗೆ ಮಾದರಿ." ಅವನು ಗೋಡೆ ತೋರಿಸಿದ.

ಅಲ್ಲೊಂದು ಫಲಕವಿತ್ತು. "ಸರ್ಕಾರದ ವೆಚ್ಚದಲ್ಲಿ ನವೀಕರಣಗೊಂಡ ಆರೋಗ್ಯ ಕೇಂದ್ರಗಳು" ಎಂಬ ತಲೆಬರಹದ ಕೆಳಗೆ, ಆಯೋಗ ಬಂದ ದಿನ ತೆಗೆದ ದೊಡ್ಡ ಬಣ್ಣದ ಫೋಟೊ. ಬಿಳಿ ಗೋಡೆ, ಪರದೆ, ಜಮಖಾನ, ಫ್ರಿಜ್ಜು. ಫ್ರಿಜ್ಜಿನ ಬಾಗಿಲಿಗೆ ಮೊಮ್ಮಗಳು ಅಂಟಿಸಿದ್ದ ಕುರಿಮರಿಯ ಚಿತ್ರ.

ಉಲ್ಕಾನ್ ಮೇಜಿನ ಮೇಲಿದ್ದ ಕಪ್ಪು ಮಾರ್ಕರ್ ಎತ್ತಿಕೊಂಡು ಫಲಕದ ಬಳಿ ಹೋದರು. ಫ್ರಿಜ್ಜಿನ ಮೇಲೆ "ಉಲ್ಕಾನ್" ಎಂದು ಬರೆದರು. ಪರದೆಯ ಮೇಲೆ ಸೊಸೆಯ ಹೆಸರು, ಜಮಖಾನದ ಮೇಲೆ "ತೆಮಿರ್ಕುಲ್ ಹೆಂಡತಿ", ಮಂಚದ ಮೇಲೆ "ಶಾಲೆ", ಗೋಡೆಯ ಮೇಲೆ ಅಡ್ಡಲಾಗಿ "ಊರಿನ ಹೆಂಗಸರು".

"ಏನ್ ಮಾಡ್ತಿದೀರಿ? ಇದು ಸರ್ಕಾರಿ ಆಸ್ತಿ" ಎಂದು ಮಾರ್ಲೆನ್ ಎದ್ದ.

ಉಲ್ಕಾನ್ ಮಾರ್ಕರನ್ನು ಅವನ ಕಡೆ ಚಾಚಿದರು. "ತಗೋ. ಇದರಲ್ಲಿ ಸರ್ಕಾರದ್ದು ಯಾವುದೋ ಅದರ ಮೇಲೆ ನೀನೇ ಬರಿ. ನಾನು ಕೂತಿರ್ತೀನಿ."

ಸರದಿಯಲ್ಲಿ ನಿಂತಿದ್ದವರು ಫೋನು ತೆಗೆದರು. ಸಂಜೆಯ ಹೊತ್ತಿಗೆ ಆ ಚಿತ್ರ ಜಿಲ್ಲೆಯ ಎಲ್ಲರ ಕೈಯಲ್ಲಿತ್ತು. ಮೂರು ದಿನಕ್ಕೆ ಬಿಷ್ಕೆಕ್‌ನಿಂದ ಚೋಲ್ಪೋನ್ ಫೋನು ಮಾಡಿದಳು.

"ಎಜೆ, ಆ ನಲ್ಲಿ..."

"ಪೀಪಾಯಿ. ಇಪ್ಪತ್ತು ಬಕೆಟ್."

"ನೀವೊಂದು ಮಾತು ಹೇಳ್ಬಹುದಿತ್ತು."

"ನೀನೊಂದು ಸಲ ಅಟ್ಟ ಹತ್ತಬಹುದಿತ್ತು. ನಾನು ತಪ್ಪು ಮಾಡಿದೆ, ಒಪ್ಪಿದೆ. ತಪ್ಪು ಮಾಡೋಕೆ ನಂಗೆ ಸಂಬಳ ಇಲ್ಲ. ಮತ್ತೆ ಬನ್ನಿ. ತೆಮಿರ್ಕುಲ್‌ಗೆ ಮಾತ್ರ ಫೋನ್ ಮಾಡ್ಬೇಡಿ."

ಮಾರ್ಚ್ ತಿಂಗಳ ಒಂದು ಮಂಗಳವಾರ ಆಯೋಗದ ಮೂವರೂ ಹೇಳದೆ ಬಂದರು. ಆದರೂ ಸೇತುವೆಯ ಬಳಿ ಅಪರಿಚಿತ ಕಾರು ಕಂಡದ್ದೇ ತೆಮಿರ್ಕುಲ್ ಜಮಖಾನ ಹೆಗಲಿಗೇರಿಸಿ ಹಿಂಬದಿಯಿಂದ ಓಡಿಬಂದ. ಉಲ್ಕಾನ್ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು.

"ಎಜೆ, ಒಂದು ಜಮಖಾನ ಅಷ್ಟೇ. ಬರಿ ನೆಲ ಕಾಣತ್ತೆ."

"ಕಾಣ್ಲಿ. ಹೆಜ್ಜೆ ಮುಂದಿಟ್ರೆ ನಿನ್ನ ನಾಲ್ಕನೇ ಮಗೂನ ನೀನೇ ಹೆರಿಗೆ ಮಾಡ್ಕೋ."

ಒಳಗೆ ಕೇಂದ್ರ ಇದ್ದ ಹಾಗೇ ಇತ್ತು. ತಗಡು ಹಾರಿಹೋಗಿ ಬಕೆಟ್ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಸುಣ್ಣ ಹಪ್ಪಳದಂತೆ ಎದ್ದಿತ್ತು. ಒಲೆಯ ಹೊಗೆಗೆ ಎಂಜಿನಿಯರ್ ಕೆಮ್ಮಿದ. ಅವನು ಕೈ ತೊಳೆಯಲು ನಲ್ಲಿ ತಿರುಗಿಸಿದಾಗ ಅದು ಕೈಗೇ ಬಂತು. "ಹೊಳೆ ಇನ್ನೂರು ಹೆಜ್ಜೆ ಕೆಳಗಿದೆ" ಎಂದು ಉಲ್ಕಾನ್ ಬಕೆಟ್ ತೋರಿಸಿದರು. ಚೋಲ್ಪೋನ್ ಈ ಸಲ ಅಟ್ಟ ಹತ್ತಿದಳು.

ಮೂರು ಗಂಟೆ ಕಳೆಯಿತು, ಚಹಾ ಬರಲಿಲ್ಲ. ಕುರಿಯ ಮಾತೇ ಇಲ್ಲ. ಗಾಡಿ ತಿರುಗಿಸಲು ಬಂದವನಿಗೂ ಒಂದು ತುಂಡು ರೊಟ್ಟಿ ಬಾಯಿಗಿಡದೆ ಕಳಿಸದ ಊರು ಇದು. ಉಲ್ಕಾನ್ ನಿಂತೇ ಇದ್ದರು, ಕೈಗಳನ್ನು ಬಿಳಿ ಅಂಗಿಯ ಜೇಬಿನಲ್ಲಿ ಬಿಗಿಹಿಡಿದು. ಹೊಸ್ತಿಲ ಹೊರಗಿದ್ದ ತೆಮಿರ್ಕುಲ್ ಮುಖವೆತ್ತಲಿಲ್ಲ.

ಎಸೆನ್‌ಗುಲ್ ಹೊರಡಲು ಎದ್ದರು. ಆಗ ಉಲ್ಕಾನ್ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ್ದ ದುಂಡು ರೊಟ್ಟಿ ತೆಗೆದರು. ಬೆಳಿಗ್ಗೆ ತಾವೇ ಸುಟ್ಟದ್ದು. ಅವರಿಗೆ ಕೊಡದೆ ಎದೆಗೊತ್ತಿ ಹಿಡಿದರು.

"ಬೈಕೆ, ಅಣ್ಣಾ, ಮೊದಲು ಅಂಕ ಬರೀರಿ. ನಾನು ನೋಡ್ತೀನಿ. ಆಮೇಲೆ ರೊಟ್ಟಿ."

"ರೊಟ್ಟಿ ಹಿಡಿದು ಸಹಿ ಹಾಕಿಸ್ತೀರಾ, ಎಜೆ?"

"ಹೋದ ಸಲ ಕುರಿ ತಲೆ ಕೊಟ್ವಿ, ಎಪ್ಪತ್ತೆಂಟು ಬರೆದ್ರಿ. ಈ ಸಲ ಕಣ್ಣಲ್ಲಿ ಕಂಡದ್ದಷ್ಟೇ ಬರೀರಿ. ಹೆಚ್ಚು ಬೇಡ, ಕಡಿಮೆನೂ ಬೇಡ."

ಚೋಲ್ಪೋನ್ ಹಾಳೆ ಮುಂದಿಟ್ಟಳು. ಹದಿನೇಳು. ಮೂವರೂ ಸಹಿ ಮಾಡಿದರು. ಉಲ್ಕಾನ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಒಂದು ಪ್ರತಿ ತೆಗೆದುಕೊಂಡು, ರೊಟ್ಟಿ ಚಾಚಿದರು. ಅಧ್ಯಕ್ಷರು ಒಂದು ಚೂರು ಮುರಿದು ಬಾಯಿಗಿಟ್ಟರು.

ಏಪ್ರಿಲ್‌ನಲ್ಲಿ ತಿದ್ದಿದ ಪಟ್ಟಿ ಬಂತು. ಚೋನ್‌ತಲಾ ಮೊದಲನೆಯದು, ಜೋಲ್‌ಬೋಯು ಎರಡನೆಯದು. ಜೋಲ್‌ಬೋಯುವಿನಲ್ಲಿ ಆಗಲೇ ಅಡಿಪಾಯದ ಕೆಲಸ ಶುರುವಾಗಿದೆ. ಹೆದ್ದಾರಿ ಪಕ್ಕ, ಜಲ್ಲಿ ಸಾಗಿಸುವುದು ಸುಲಭ ಎಂಬ ಕಾರಣ ಕೊಟ್ಟಿದ್ದಾರೆ. ಚೋನ್‌ತಲಾಕ್ಕೆ ಜುಲೈನಲ್ಲಿ ಎಂದಿದ್ದಾರೆ. ಉಲ್ಕಾನ್ ಪ್ರತಿ ಸೋಮವಾರ ಮಾರ್ಲೆನ್‌ಗೆ ಫೋನು ಮಾಡಿ, ಹದಿನೇಳು ಎಂದಷ್ಟೇ ಹೇಳಿ ಇಡುತ್ತಾರೆ. ತಂಗಿಯ ಮಗಳು ಇನ್ನೂ ಟಿಕೆಟ್ ತೆಗೆದುಕೊಂಡಿಲ್ಲ.