ಯಜಮಾನರು ಕಂಪ್ಯೂಟರ್ ಓಡಿಸಿದ್ದು

ನಮ್ಮ ಯಜಮಾನರಿಗೆ ಯಾವುದಾದರೂ ವಸ್ತು ಸರಿಯಾಗಿ ಕೆಲಸ ಮಾಡುತ್ತಿದ್ದರೆ ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿ ‘ಟ್ಯೂನಿಂಗ್’ ಮಾಡಿದ್ದರು. ಆಮೇಲೆ ಅದನ್ನು ಪದ್ಮನಾಭನಗರದಿಂದ ಬನಶಂಕರಿಯವರೆಗೆ ತಳ್ಳಿಕೊಂಡು ಹೋದವರೂ ಅವರೇ. ಮಿಕ್ಸಿ, ಟೇಪ್ ರೆಕಾರ್ಡರ್, ಇಸ್ತ್ರಿಪೆಟ್ಟಿಗೆ ಎಲ್ಲವೂ ಅವರ ಕೈಯಲ್ಲಿ ಒಂದೊಂದು ಸಲ ಸತ್ತು ಬದುಕಿದವು. ಇಸ್ತ್ರಿಪೆಟ್ಟಿಗೆ ಬದುಕಲೂ ಇಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಕಣ್ಣು ನನ್ನ ಕಂಪ್ಯೂಟರಿನ ಮೇಲೆ ಬಿತ್ತು.

ನನ್ನ ಕಂಪ್ಯೂಟರ್ ಅಂತ ಒತ್ತಿಯೇ ಹೇಳುತ್ತೇನೆ. ಆಗ ನಾನು ಮನೆಯಲ್ಲಿ ಡಿಟಿಪಿ ಮಾಡುತ್ತಿದ್ದೆ. ಟ್ಯೂಷನ್ ಸೆಂಟರುಗಳ ಪ್ರಶ್ನೆಪತ್ರಿಕೆ, ಗೃಹಪ್ರವೇಶದ ಕಾರ್ಡು, ಪಿಎಚ್.ಡಿ. ಪ್ರಬಂಧ, ಏನು ಬಂದರೂ ಸರಿ. ಮನೆಯವರ ಲೆಕ್ಕದಲ್ಲಿ ಮಾತ್ರ ಅದು ಕೆಲಸವಲ್ಲ. ಯಾರಾದರೂ ನೆಂಟರು ಬಂದರೆ ಅತ್ತೆ, “ಸುಮ್ನೆ ಟೈಪಿಂಗ್ ಮಾಡ್ತಾಳೆ, ಹೊತ್ತು ಹೋಗ್ಬೇಕಲ್ಲ” ಎನ್ನುತ್ತಿದ್ದರು. ಕುಕ್ಕರ್ ಕೂಗಿಸಿ, ಸಾರಿಗೆ ಒಗ್ಗರಣೆ ಹಾಕಿ, ಬಟ್ಟೆ ಒಣಹಾಕಿದ ಮೇಲೆ ನನಗೆ ಹೊತ್ತು ಕಳೆಯುವುದೇ ದೊಡ್ಡ ಚಿಂತೆಯಾಗಿತ್ತು ನೋಡಿ, ಅದಕ್ಕೆ.

ಆ ವರ್ಷ ದಸರಾಕ್ಕೆ ಮುಂಚೆ ಒಬ್ಬಳು ಹುಡುಗಿ ಬಂದಳು. ಬಾಗಲಕೋಟೆ ಕಡೆಯವಳು, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತಲೇ ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುವ ಬೀಸುವ ಪದಗಳ ಮೇಲೆ ಸಂಶೋಧನೆ ಮಾಡಿದ್ದಳು. ಅವಳ ಗೈಡು ಆ ತಿಂಗಳ ಕೊನೆಗೆ ರಿಟೈರ್ ಆಗುವವರಿದ್ದರು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಇನ್ನೊಬ್ಬ ಗೈಡನ್ನು ಹುಡುಕಿ, ಅವರ ಕೈಕಾಲು ಹಿಡಿದು, ಮತ್ತೆ ಮೊದಲಿಂದ ಶುರು.

“ಅಕ್ಕಾರ, ಆಗ್ತದಲ್ರೀ? ಇಲ್ಲಾಂದ್ರ ನನ್ನ ನಾಕು ವರ್ಷ ನೀರಾಗ ಹೋಗ್ತಾವ್ರೀ,” ಅಂದಳು.

“ಆಗತ್ತೆ, ನಾನಿದ್ದೀನಿ. ಯೋಚ್ನೆ ಮಾಡ್ಬೇಡ,” ಅಂದೆ. ಮನೆಯಲ್ಲಿ ಇನ್ನೂ ಒಬ್ಬರಿದ್ದಾರೆ ಅನ್ನುವುದು ಆಗ ನೆನಪಿಗೆ ಬರಲಿಲ್ಲ.

ಯಜಮಾನರು ಆಫೀಸಿನ ಯಾರದೋ ಹತ್ತಿರ ಒಂದು ಕಂಪ್ಯೂಟರ್ ಪತ್ರಿಕೆ ಇಸಕೊಂಡು ಬಂದಿದ್ದರು. ಅದನ್ನು ಓದಿದ ದಿನದಿಂದ ಅವರ ನಡಿಗೆಯೇ ಬದಲಾಯಿತು.

“ಓವರ್‌ಕ್ಲಾಕಿಂಗ್ ಅಂತ ಕಣೇ. ಕಂಪನಿಯವ್ರು ಬೇಕಂತ್ಲೇ ಸ್ಪೀಡ್ ಕಮ್ಮಿ ಇಟ್ಟಿರ್ತಾರೆ. ಒಳಗೆ ಹೋಗಿ ನಂಬರ್ ಜಾಸ್ತಿ ಮಾಡಿದ್ರೆ ಸಾಕು, ಪ್ರೊಸೆಸರ್ರೂ ಮೆಮೊರಿನೂ ಸಖತ್ತಾಗಿ ಓಡ್ತವೆ.”

“ಓಡಿ ಎಲ್ಲಿಗ್ರೀ ಹೋಗ್ಬೇಕು? ನಾನು ಟೈಪ್ ಮಾಡೋ ಸ್ಪೀಡಿಗೆ ಇದೇ ಜಾಸ್ತಿಯಾಯ್ತು.”

“ನಿಂಗೆ ಗೊತ್ತಾಗಲ್ಲ ಬಿಡು.”

ಈ ಒಂದು ವಾಕ್ಯದ ಮೇಲೆ ನಮ್ಮ ಸಂಸಾರ ಇಷ್ಟು ವರ್ಷ ನಡೆದುಕೊಂಡು ಬಂದಿದೆ. ಅನ್ನ ಬೇಯುವಷ್ಟರಲ್ಲಿ ನಾನು ಆ ಪತ್ರಿಕೆ ತೆಗೆದು ಓದಿದೆ. ಹೊಸಬರು ವೇಗವನ್ನು ಒಂದೊಂದೇ ಚೂರು ಏರಿಸಬೇಕು, ಏರಿಸಿದಾಗಲೆಲ್ಲ ಪರೀಕ್ಷೆ ಮಾಡಬೇಕು, ಪ್ರೊಸೆಸರನ್ನೂ ಮೆಮೊರಿಯನ್ನೂ ಒಟ್ಟಿಗೆ ಏರಿಸಬಾರದು, ಬಿಸಿ ಎಷ್ಟಾಗಿದೆ ನೋಡುತ್ತಿರಬೇಕು, ಎಲ್ಲಕ್ಕಿಂತ ಮೊದಲು ಬೇಕಾದ ಫೈಲುಗಳನ್ನು ಬೇರೆ ಕಡೆ ಇಟ್ಟುಕೊಳ್ಳಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ಅದನ್ನು ತೋರಿಸಿದರೆ, “ಅದೆಲ್ಲ ಪುಕ್ಕಲರಿಗೆ” ಅಂದರು.

ಒಂದು ಭಾನುವಾರ ನಾನು ಹಬ್ಬದ ಸಾಮಾನು ತರಲು ಜಯನಗರಕ್ಕೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಮಂಚದ ಕೆಳಗೆ ಸೇರಿತ್ತು. ಒಳಗಿನ ವಯರುಗಳು ಕರುಳಿನ ಹಾಗೆ ಕಾಣುತ್ತಿದ್ದವು. ಎದುರಿಗೆ ನಮ್ಮ ಟೇಬಲ್ ಫ್ಯಾನು ಭರ್ರೆಂದು ಗಾಳಿ ಬೀಸುತ್ತಿತ್ತು. ಸೆಕೆಗೆ ಮನುಷ್ಯರು ಸತ್ತರೂ ಚಿಂತೆಯಿಲ್ಲ, ಪ್ರೊಸೆಸರ್ ಬೆವರಬಾರದು. ಯಜಮಾನರು ಪಕ್ಕದಲ್ಲಿ ಕೈಕಟ್ಟಿ ನಿಂತು, ಹೆರಿಗೆ ಮಾಡಿಸಿದ ಡಾಕ್ಟರಂತೆ ಮುಖ ಮಾಡಿಕೊಂಡಿದ್ದರು.

ಮರುದಿನದಿಂದ ಶುರುವಾಯಿತು ನನ್ನ ಗ್ರಹಚಾರ. ಟೈಪ್ ಮಾಡುತ್ತಿದ್ದ ಹಾಗೇ ಪರದೆ ಗರ ಬಡಿದಂತೆ ನಿಂತುಬಿಡುತ್ತಿತ್ತು. ಆರಿಸಿ ಹಚ್ಚಿದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಗುರುವಾರ ಮೂರನೆಯ ಅಧ್ಯಾಯ ತೆರೆದು ನೋಡಿದೆ. ಅರ್ಧ ಅಧ್ಯಾಯದಲ್ಲಿ ಅಕ್ಷರಗಳೇ ಇಲ್ಲ, ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ. ಬೀಸುವ ಪದಗಳು ನಿಜವಾಗಿಯೂ ಹಿಟ್ಟಾಗಿದ್ದವು.

“ಮೊದ್ಲಿದ್ದ ಹಾಗೆ ಮಾಡಿಬಿಡಿ ಅಂದ್ರೆ,” ಅಂತ ಕೂಗಾಡಿದೆ. ಅಳುವೂ ಬಂತು, ಸಿಟ್ಟಿನಿಂದ.

“ಇದು ಸಾಫ್ಟ್‌ವೇರ್ ಪ್ರಾಬ್ಲಮ್ಮು. ನೀನೇ ಏನೋ ಒತ್ತಿರ್ಬೇಕು. ಪೂಜೆ ಆಗ್ಲಿ, ನೋಡ್ತೀನಿ,” ಅಂದರು.

ಪೂಜೆ ಅಂದರೆ ಮರುದಿನದ ಆಯುಧಪೂಜೆ. ಸ್ಕೂಟರು, ಈಳಿಗೆಮಣೆ, ಸ್ಕ್ರೂಡ್ರೈವರುಗಳ ಜೊತೆಗೆ ಕಂಪ್ಯೂಟರಿಗೂ ಅತ್ತೆ ಪ್ರತಿವರ್ಷ ಕುಂಕುಮ ಇಡುತ್ತಿದ್ದರು. ಮುಚ್ಚಿದ ಪೆಟ್ಟಿಗೆಯ ನೆತ್ತಿಗೆ ಒಂದು ಬೊಟ್ಟು, ಒಂದು ಹೂವು, ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಸ್ಕೂಟರಿಗಾದರೆ ಚಕ್ರಕ್ಕೆ ಹೂವು ಮುಡಿಸುವುದು ಪದ್ಧತಿ, ತಿರುಗುವುದು ಅದೇ ತಾನೆ. ಕಂಪ್ಯೂಟರಿನಲ್ಲಿ ತಿರುಗುವುದು ಯಾವುದು ಅಂತ ಅತ್ತೆ ಬಗ್ಗಿ ಹುಡುಕಿದ್ದಾರೆ. ಪ್ರೊಸೆಸರಿನ ನೆತ್ತಿಯ ಮೇಲಿದ್ದ ಪುಟ್ಟ ಫ್ಯಾನು ಕಣ್ಣಿಗೆ ಬಿದ್ದಿದೆ. ಅದರ ರೆಕ್ಕೆಗಳ ಸಂದಿಗೆ ಸೇವಂತಿಗೆ ಮಾಲೆಯ ಒಂದು ತುಂಡನ್ನು ಭಕ್ತಿಯಿಂದ ಸಿಕ್ಕಿಸಿದ್ದಾರೆ. ನಾನು ಅಡುಗೆಮನೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ.

ಮಂಗಳಾರತಿ ಹೊತ್ತಿಗೆ ಯಜಮಾನರಿಗೆ ಹುಮ್ಮಸ್ಸು ಬಂತು. “ಅಮ್ಮಾ, ಓಡ್ತಿರೋವಾಗ ಬೆಳಗು, ಚೆನ್ನಾಗಿರತ್ತೆ,” ಅಂತ ಹೇಳಿ ಸ್ವಿಚ್ ಹಾಕಿಯೇಬಿಟ್ಟರು. ಅತ್ತೆ ಗಂಟೆ ಬಾರಿಸುತ್ತಾ ಆರತಿ ಎತ್ತಿದರು. ಫ್ಯಾನು ಒಮ್ಮೆ ಗುರ್ರೆಂದು ಹೂವಿಗೆ ಸಿಕ್ಕಿಕೊಂಡು ನಿಂತಿತು. ಮೊದಲೇ ಕುದಿಯುತ್ತಿದ್ದ ಪ್ರೊಸೆಸರ್ ಎಷ್ಟು ಹೊತ್ತು ತಡೆದೀತು? ಊದುಬತ್ತಿಯ ಪರಿಮಳದ ನಡುವೆ ಸುಟ್ಟ ವಾಸನೆ ಬಂದಾಗಲೇ ನಾನು ಚಾಕು ಹಿಡಿದುಕೊಂಡು ಹೊರಗೆ ಓಡಿ ಬಂದದ್ದು. ಪರದೆ ಕಪ್ಪಾಗಿತ್ತು.

“ದೃಷ್ಟಿ ಆಯ್ತು ಕಣೋ,” ಅಂದರು ಅತ್ತೆ. “ಕುಂಬಳಕಾಯಿ ಒಡೆಯೋದು ಲೇಟಾಯ್ತು.”

“ಪ್ರೊಸೆಸರ್ ಕ್ವಾಲಿಟೀನೇ ಸರಿ ಇಲ್ಲಮ್ಮ,” ಅಂದರು ಮಗ.

ತಾಯಿ ಮಗ ಇಬ್ಬರೂ ಸೇರಿ ತಪ್ಪು ಯಾರದೂ ಅಲ್ಲ ಅಂತ ತೀರ್ಮಾನಿಸಿ ಪುರಿ ಕಡಲೆ ಹಂಚಿದರು. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಪೂಜೆ ಮಾಡಿದ ಆಯುಧ ಇವತ್ತು ಜರುಗಿಸ್ಬಾರ್ದು ಕಣೇ!” ಸುಟ್ಟುಹೋದ ಆಯುಧಕ್ಕೂ ಮಡಿಯೇ!

ಹಬ್ಬ ಮುಗಿದ ಮರುದಿನ ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜಯನಗರದ ಒಂದು ಡಿಟಿಪಿ ಅಂಗಡಿಗೆ ಹೋದೆ. ಪ್ರೊಸೆಸರ್ ಸತ್ತಿದ್ದರೂ ಹಾರ್ಡ್ ಡಿಸ್ಕ್ ಬದುಕಿತ್ತು. ಅದನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿಸಿ, ದಿನವೂ ಬೆಳಗ್ಗೆ ಅಡುಗೆ ಮುಗಿಸಿ ಬಸ್ಸು ಹತ್ತಿ ಹೋಗಿ, ಕೆಟ್ಟಿದ್ದ ಅಧ್ಯಾಯವನ್ನು ಅವಳ ಕೈಬರಹ ನೋಡಿಕೊಂಡು ಪೂರ್ತಿ ಮತ್ತೆ ಟೈಪ್ ಮಾಡಿದೆ. ಬೆನ್ನು ಬಿದ್ದುಹೋಯಿತು. ಆ ಹುಡುಗಿಯ ನಾಲ್ಕು ವರ್ಷ ನನ್ನ ಮನೆಯ ಸೇವಂತಿಗೆಗೆ ಬಲಿಯಾಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು.

ಒಂದು ಸಂಜೆ ನಾನು ಮನೆಗೆ ಬರುವ ಮೊದಲೇ ಅವಳು ಪ್ರಬಂಧ ಎಲ್ಲಿಗೆ ಬಂತು ಅಂತ ವಿಚಾರಿಸಿಕೊಂಡು ಬಂದಿದ್ದಳಂತೆ. ಯಜಮಾನರು ಅವಳನ್ನು ಸೋಫಾದಲ್ಲಿ ಕೂರಿಸಿ, ಪ್ರೊಸೆಸರ್ ಅಂದರೇನು, ಮೆಮೊರಿ ಅಂದರೇನು ಅಂತ ಪಾಠ ಮಾಡಿ, “ಏನೂ ಹೆದರ್ಬೇಡಮ್ಮ, ಡಾಟಾ ಎಲ್ಲ ರಿಕವರಿ ಮಾಡಿಸ್ತಾ ಇದೀನಿ” ಅಂತ ಅಭಯವನ್ನೂ ಕೊಟ್ಟಿದ್ದರು.

ಪ್ರಬಂಧದಲ್ಲಿ ಕೃತಜ್ಞತೆಯ ಪುಟ ಯಾವಾಗಲೂ ಕೊನೆಗೆ ಟೈಪಿಗೆ ಬರುತ್ತದೆ. ಅದನ್ನು ಅವಳು ಅಂಗಡಿಗೇ ತಂದು ಕೊಟ್ಟಳು. ಗೈಡು, ತಾಯಿ, ಹಾಡು ಹೇಳಿದ ಅಜ್ಜಿಯರು, ಎಲ್ಲರ ಹೆಸರೂ ಇತ್ತು. ಅದರ ಕೆಳಗೆ, ‘ಸಂಕಟದ ಸಮಯದಲ್ಲಿ ತಮ್ಮ ಕಂಪ್ಯೂಟರ್ ಪರಿಣತಿಯಿಂದ ನನ್ನ ಪ್ರಬಂಧವನ್ನು ಉಳಿಸಿಕೊಟ್ಟ’ ಅಂತ ಶುರುವಾಗಿ ನಮ್ಮ ಯಜಮಾನರ ಪೂರ್ತಿ ಹೆಸರು, ಮುಂದೆ ‘ಶ್ರೀ’, ಹಿಂದೆ ‘ಅವರು’. ನನ್ನ ಹೆಸರು ಎಲ್ಲೂ ಇರಲಿಲ್ಲ. ಅಷ್ಟು ದಿನ ತಡೆದುಕೊಂಡಿದ್ದ ನಾನು ಆ ಸಾಲು ಓದಿ ಹಾಳೆಯನ್ನು ಅವಳ ಕಡೆಗೇ ತಳ್ಳಿದೆ.

“ಇದನ್ನ ನಾನು ಟೈಪ್ ಮಾಡಲ್ಲ,” ಅಂದೆ.

“ಯಾಕ್ರೀ ಅಕ್ಕಾರ? ಕಂಪ್ಯೂಟರ್ ಎಲ್ಲಾ ಅವ್ರೇ ನೋಡ್ಕೋತಾರಂತಲ್ರೀ?”

“ಕಂಪ್ಯೂಟರ್ ಸುಟ್ಟಿದ್ದು ಅವರು. ಪ್ರಬಂಧ ಉಳಿಸಿದ್ದು ನಾನು. ಅಲ್ಲಿ ನನ್ನ ಹೆಸರು ಬರ್ಬೇಕು.”

ಅವಳು ನಾಲಿಗೆ ಕಚ್ಚಿಕೊಂಡಳು. ಪೆನ್ನು ತೆಗೆದು ಅಲ್ಲೇ ನಿಂತು ‘ಶ್ರೀ’ ಸಮೇತ ಆ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದಳು. ಉಳಿದ ಸಾಲಿನ ಒಂದಕ್ಷರವನ್ನೂ ಮುಟ್ಟದೆ ನಾನು ಟೈಪ್ ಮಾಡಿದೆ.

ಪ್ರಬಂಧ ಗೈಡು ರಿಟೈರ್ ಆಗುವ ಮೊದಲೇ ಒಪ್ಪಿಸಿದ್ದಾಯಿತು. ಅವಳು ಬೈಂಡ್ ಮಾಡಿಸಿದ ಒಂದು ಪ್ರತಿಯನ್ನು ಧಾರವಾಡ ಪೇಡೆಯ ಜೊತೆ ಮನೆಗೆ ತಂದುಕೊಟ್ಟಳು. ಯಜಮಾನರು ಪೇಡೆ ಬಾಯಿಗೆ ಹಾಕಿಕೊಂಡು, ಕನ್ನಡಕ ಏರಿಸಿ, ನೇರವಾಗಿ ಕೃತಜ್ಞತೆಯ ಪುಟಕ್ಕೇ ಹೋದರು. ಮೇಲಿಂದ ಕೆಳಗೆ ಓದಿದರು. ಮತ್ತೆ ಮೇಲಿಂದ ಓದಿದರು.

“ಇಲ್ಲಿ ನಿನ್ನ ಹೆಸ್ರಿದೆ,” ಅಂದರು.

“ಹೌದು,” ಅಂದೆ.

“ಯಾಕೆ?”

ಅವರು ತಮಾಷೆಗೆ ಕೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.